ಪೈಪಿನಿಂದ ಹನ್ನೆರಡು ಹೆಜ್ಜೆ

ಹೊರಡುವ ಮುಂಚೆ, ಬಾಳೂರು

ನಮ್ಮ ತಾಲ್ಲೂಕಿನಲ್ಲಿ ಬರೀ ನಡೆಯುವುದಕ್ಕೆ ಸಂಬಳ ಪಡೆಯುವವರು ಹೆಚ್ಚು ಮಂದಿ ಇಲ್ಲ. ನಾನೊಬ್ಬ. ಕರಾವಳಿಯಿಂದ ಘಟ್ಟ ಹತ್ತಿ ಬಯಲುಸೀಮೆಗೆ ಹೋಗುವ ಪೆಟ್ರೋಲು, ಡೀಸೆಲ್ಲಿನ ಪೈಪು ನಮ್ಮ ಕಾಫಿ ತೋಟಗಳ ಅಡಿಯಲ್ಲಿ ಹಾದುಹೋಗಿದೆ. ಅದರ ಮೇಲೆ ದಿನಾ ಎಂಟು ಕಿಲೋಮೀಟರ್ ನಡೆದು, ಯಾರಾದರೂ ಅಗೆದಿದ್ದಾರೆಯೇ, ದಾರಿ ಬದಿಯ ಮಣ್ಣಿನ ಧರೆ ಜರಿದಿದೆಯೇ, ಹುಲ್ಲು ಕಾರಣವಿಲ್ಲದೆ ಒಣಗಿದೆಯೇ ಎಂದು ನೋಡಿ ಕಂಟ್ರೋಲ್ ರೂಮಿಗೆ ತಿಳಿಸುವುದು ನನ್ನ ಕೆಲಸ. ಕಾಗದದಲ್ಲಿ ಲೈನ್ ವಾಕರ್ ಎಂದಿದೆ. ಊರಿನವರು ಪೈಪಣ್ಣ ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ಯಾರಾದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದನ್ನೇ ಮರೆಯುತ್ತೇನೆ.

ಪೈಪಿನ ಎರಡೂ ಬದಿಗೆ ಇಷ್ಟಿಷ್ಟು ಜಾಗದಲ್ಲಿ ಮನೆ ಕಟ್ಟುವಂತಿಲ್ಲ, ಬೇರು ಆಳಕ್ಕಿಳಿಯುವ ಮರ ನೆಡುವಂತಿಲ್ಲ, ಕಲ್ಲು ಪೇರಿಸುವಂತಿಲ್ಲ. ಸಾಹೇಬರುಗಳ ಲೆಕ್ಕ ಮೀಟರಿನಲ್ಲಿದೆ. ನನ್ನ ಲೆಕ್ಕ ಹನ್ನೆರಡು ಹೆಜ್ಜೆ.

ನನ್ನ ತಮ್ಮ ಪ್ರಸನ್ನನ ಪಾಲಿಗೆ ಬಂದ ಜಮೀನೆಲ್ಲ ಇಳಿಜಾರು. ಸಮತಟ್ಟಾದದ್ದು ಒಂದೇ ತುಣುಕು, ಪೈಪು ಹೋಗಿರುವುದೂ ಅದರಲ್ಲೇ. ಏಳು ವರ್ಷದ ಹಿಂದೆ ಅವನು ಅಲ್ಲಿ ಮನೆ ಕಟ್ಟಲೆಂದು ಪಾಯದ ಸೈಜುಗಲ್ಲು ತಂದು ಹಾಕಿಸಿದ. ಒಂದು ಭಾನುವಾರ, ನನಗೆ ವಾರದ ರಜ ಎಂದು ನೋಡಿಕೊಂಡೇ, ಜೆಸಿಬಿ ತರಿಸಿ ಪಾಯ ತೆಗೆಸಲು ಶುರುಮಾಡಿದ. ಸದ್ದು ನಮ್ಮ ಅಡಿಗೆಮನೆಗೆ ಕೇಳಿತು. ಓಡಿಹೋದೆ. ಜೆಸಿಬಿಯ ಬಕೆಟ್ಟು ಪೈಪಿನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಿಲ್ಲಿಸು ಎಂದೆ, ನಿಲ್ಲಿಸಲಿಲ್ಲ. ಅವನ ಎದುರಿಗೇ ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಸಾಯಂಕಾಲದೊಳಗೆ ಜೀಪು ಬಂತು, ಪೊಲೀಸರೂ ಬಂದರು, ಕೆಲಸ ನಿಂತಿತು. ಆ ಮಳೆಗಾಲಕ್ಕೇ ಪ್ರಸನ್ನ ಒಮಾನಿಗೆ ಹೋದ. ರಜಕ್ಕೆ ಬಂದರೆ ಹೆಂಡತಿಯ ತವರು ಕಳಸದಲ್ಲಿ ಇಳಿದುಕೊಳ್ಳುತ್ತಾನೆ. ಬಾಳೂರಿನ ಬಸ್ಸು ಹತ್ತುವುದಿಲ್ಲ, ನನ್ನ ಫೋನ್ ಎತ್ತುವುದಿಲ್ಲ.

ಹೀಗಿರುವಾಗ ಈ ಮಳೆಗಾಲದಲ್ಲಿ ಅವನ ಹೆಂಡತಿ ಸುಮಾ ಒಮಾನಿನಿಂದ ಫೋನ್ ಮಾಡಿದಳು. ಮುಂದಿನ ವರ್ಷ ಪ್ರಸನ್ನನ ಕೆಲಸವನ್ನು ಅಲ್ಲಿಯ ಹುಡುಗರಿಗೇ ಕೊಡುತ್ತಾರಂತೆ. ಊರಿಗೆ ವಾಪಸ್ ಬರಲೇಬೇಕು. ಆದರೆ ಬಾಳೂರು ಬೇಡ, ಮಂಗಳೂರಿನಲ್ಲಿ ಫ್ಲ್ಯಾಟ್ ನೋಡುತ್ತೇನೆ ಎಂದು ಕೂತಿದ್ದಾನಂತೆ. ವೀಸಾ, ಟಿಕೆಟ್ ತಾನೇ ಮಾಡಿಸುತ್ತೇನೆ, ಒಂದು ಸಲ ಬಂದು ಹೋಗಿ ಎಂದಳು.

"ನಾನು ಬರೋದಕ್ಕೆ ಅವನೇನಂದ?" ಎಂದು ಕೇಳಿದೆ.

"ಬೇಡ ಅಂದಿಲ್ಲ ಭಾವ."

ಏಳು ವರ್ಷದಲ್ಲಿ ಅವನ ಕಡೆಯಿಂದ ನನಗೆ ಸಿಕ್ಕ ಒಳ್ಳೆಯ ಮಾತು ಅದೊಂದೇ. ನನ್ನ ಬದಲಿಗೆ ನಡೆಯಲು ಒಬ್ಬನನ್ನು ಗೊತ್ತುಮಾಡಿ ರಜ ಹಾಕಿದೆ.

ಮಸ್ಕತ್, ಇಳಿದ ದಿನ

ಮಳೆಗಾಲದಲ್ಲಿ ಲೈನ್ ಮೇಲೆ ನಡೆಯುವವನ ಜೇಬಿನಲ್ಲಿ ಉಪ್ಪು, ಸುಣ್ಣ ಬೆರೆಸಿ ಕಟ್ಟಿದ ಬಟ್ಟೆಯ ಗಂಟು ಇರಲೇಬೇಕು. ರಕ್ತ ಹೀರುವ ಇಂಬಳ ಕಾಲಿಗೆ ಹತ್ತಿದರೆ ಅದನ್ನು ಒತ್ತಿದರಾಯಿತು, ಉದುರಿ ಬೀಳುತ್ತದೆ. ನಾನು ಹೊಸ ಪ್ಯಾಂಟು, ಹೊಸ ಶರಟು ಎಲ್ಲ ನೆನಪಿನಿಂದ ತುಂಬಿಕೊಂಡಿದ್ದೆ. ಚೀಲದ ತಳದಲ್ಲಿದ್ದ ಹಳೆಯ ಪ್ಯಾಂಟಿನ ಜೇಬು ನೋಡಲು ಮರೆತಿದ್ದೆ.

ಮಸ್ಕತ್‌ನ ಕಸ್ಟಮ್ಸಿನವನು ಗಂಟು ಬಿಚ್ಚಿದ. ಬಿಳಿ ಪುಡಿ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಂಬಳಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು, ಅರಬ್ಬಿಯಂತೂ ದೂರವೇ ಉಳಿಯಿತು. ಎರಡು ಬೆರಳು ಮೊಣಕಾಲಿನ ಮೇಲೆ ಹರಿಸಿ ತೋರಿಸಿದೆ. ಹಾವು ಎಂದುಕೊಂಡನೇನೋ, ಇನ್ನೊಬ್ಬನನ್ನು ಕರೆದ. ಕೊನೆಗೆ ಕಾಲುಚೀಲ ಜಾರಿಸಿದೆ. ಹಿಂದಿನ ದಿನ ಕಚ್ಚಿಸಿಕೊಂಡ ಜಾಗದಿಂದ ಇನ್ನೂ ಸಣ್ಣಗೆ ರಕ್ತ ಜಿನುಗುತ್ತಿತ್ತು. ಗಂಟನ್ನು ಕಾಲಿಗೆ ಒತ್ತಿ, ಹುಳು ಬೀಳುವುದನ್ನು ಅಭಿನಯಿಸಿದೆ. ಅವರು ಪುಡಿಯನ್ನು ಯಾವುದೋ ಯಂತ್ರಕ್ಕೆ ತೋರಿಸಿ ಬಂದು, ನಗುತ್ತಾ ಕಸದ ಬುಟ್ಟಿಗೆ ಹಾಕಿದರು. ಕಾಲಿಗೊಂದು ಪ್ಲಾಸ್ಟರನ್ನೂ ಕೊಟ್ಟರು.

ಹೊರಗೆ ಪ್ರಸನ್ನ ನಿಂತಿದ್ದ. ತಲೆ ಅರ್ಧ ನೆರೆತಿತ್ತು, ಅದನ್ನು ನೋಡಿ ನನಗೆ ಸಂಕಟವಾಯಿತು. ಚೀಲ ತೆಗೆದುಕೊಂಡು ಮುಂದೆ ನಡೆದ.

ಬರ್ಕಾ

ಅವನ ಮನೆ ಇರುವುದು ಬರ್ಕಾ ಎಂಬ ಕಡಲ ದಂಡೆಯ ಊರಿನಲ್ಲಿ. ಮನೆಯೊಳಗೆ ಅವನು ನನ್ನೊಡನೆ ಮಾತಾಡಬೇಕಾದರೆ ಸುಮಾಳನ್ನು ನಡುವೆ ಇಟ್ಟುಕೊಳ್ಳುತ್ತಿದ್ದ. ನಾನು ಪಕ್ಕದಲ್ಲೇ ಕೂತಿದ್ದರೂ ಅವಳ ಕಡೆ ತಿರುಗಿ, ಅಣ್ಣನಿಗೆ ಎ.ಸಿ. ಜಾಸ್ತಿಯಾಯಿತೇನೋ ಕೇಳು ಎನ್ನುವುದು, ಅಣ್ಣನಿಗೆ ಇನ್ನೊಂದು ದೋಸೆ ಹಾಕು ಎನ್ನುವುದು. ಅಣ್ಣ ಎಂಬ ಶಬ್ದ ಬಿಟ್ಟಿರಲಿಲ್ಲವಲ್ಲ, ಅಷ್ಟಕ್ಕೇ ನಾನು ಎರಡು ದೋಸೆ ಹೆಚ್ಚಿಗೆ ತಿಂದೆ.

ಎರಡನೆಯ ದಿನ ಬೆಳಿಗ್ಗೆ ಬೀದಿಯಲ್ಲಿ ಲಾರಿಯೊಂದು ಹಾರನ್ ಬಾರಿಸುತ್ತಾ ಬಂತು. ಇಣುಕಿದರೆ ಅಡಿಗೆ ಗ್ಯಾಸಿನ ಸಿಲಿಂಡರುಗಳು. ನನಗೆ ಸೋಜಿಗ. ನೆಲ ಕೊರೆದರೆ ಗ್ಯಾಸು ಬರುವ ದೇಶದಲ್ಲಿ ಒಲೆಗೆ ನಲ್ಲಿಯಲ್ಲೇ ಗ್ಯಾಸು ಬರುತ್ತದೆ ಎಂದುಕೊಂಡಿದ್ದೆ. ಬಾಳೂರಿನಲ್ಲಿ ಜೀಪು ಹತ್ತದ ಏರಿನಲ್ಲಿ ನಾವು ಸಿಲಿಂಡರನ್ನು ಹೆಗಲ ಮೇಲೆ ಹೊರುತ್ತೇವೆ, ಇವರಿಗೆ ಬಾಗಿಲಿಗೆ ಬರುತ್ತದೆ, ಅಷ್ಟೇ ವ್ಯತ್ಯಾಸ. ನಮ್ಮ ತೋಟಗಳ ಅಡಿಯಲ್ಲೂ ಪೆಟ್ರೋಲು ಹರಿಯುತ್ತದೆ, ಬಂಕಿಗೆ ಹೋಗಬೇಕಾದರೆ ನಾವು ಮೂಡಿಗೆರೆಗೋ ಕೊಟ್ಟಿಗೆಹಾರಕ್ಕೋ ಹೋಗಬೇಕು. ಎಲ್ಲ ಕಡೆಯೂ ಪೈಪು ದೂರದವರಿಗಾಗಿಯೇ ಹಾದುಹೋಗುತ್ತದೆ.

ಗೇಟಿನ ಒಳಗೆ

ಪ್ರಸನ್ನ ಕೆಲಸ ಕಲಿತದ್ದು ಕುದುರೆಮುಖದ ಗಣಿಯಲ್ಲಿ, ಅದು ನಿಲ್ಲುವುದಕ್ಕೆ ಎರಡು ವರ್ಷ ಮುಂಚೆ. ಅಲ್ಲಿ ಅದಿರನ್ನು ನೀರಿನಲ್ಲಿ ಕಲೆಸಿ ಪೈಪಿನಲ್ಲೇ ಮಂಗಳೂರಿಗೆ ಇಳಿಸುತ್ತಿದ್ದರು. ಆಮೇಲೆ ಎಸ್ಟೇಟುಗಳ ಜನರೇಟರ್ ರಿಪೇರಿ. ಈಗ ಗ್ಯಾಸ್ ಟರ್ಬೈನಿನಿಂದ ಕರೆಂಟು ತೆಗೆಯುವ ಸ್ಥಾವರದಲ್ಲಿ ಆಪರೇಟರ್. ಅವನ ಮೇಲಿನವರು ಸಾಲಿಂ ಎಂಬ ಒಮಾನಿ. ಆಪರೇಟರನ ಅಣ್ಣ ಪೈಪ್‌ಲೈನಿನವನು ಎಂದು ಸುಮಾಳ ಬಾಯಿಂದ ಕೇಳಿ, ತಾನೇ ನಿಂತು ನನಗೆ ಪಾಸು ಮಾಡಿಸಿದರು. ಗೇಟಿನಲ್ಲಿ ಫೋನ್ ಇಸಿದುಕೊಂಡು, ಅರ್ಧ ಗಂಟೆ ಸುರಕ್ಷತೆಯ ವಿಡಿಯೊ ತೋರಿಸಿ, ನನ್ನ ಕಾಲಿಗಿಂತ ಎರಡು ಸೈಜು ದೊಡ್ಡ ಬೂಟು ಕೊಟ್ಟರು. ದಿನಾ ನಡೆಯುವುದೇ ಕಸುಬಾದ ನಾನು ಆ ಬೂಟಿನಲ್ಲಿ ಬಾತುಕೋಳಿಯ ಹಾಗೆ ನಡೆದೆ.

ಯಂತ್ರವನ್ನು ಕಣ್ಣಿಗೆ ಕಾಣುವಂತೆ ಇಟ್ಟಿರುವುದಿಲ್ಲ, ಅದಕ್ಕೊಂದು ಉಕ್ಕಿನ ಕೋಣೆ. ಕಾಣುವುದು ಅದು ಉಸಿರೆಳೆಯುವ ಗೂಡು, ನಮ್ಮ ದೊಡ್ಡ ಎಸ್ಟೇಟಿನ ಕಾಫಿ ಗೋಡೌನಿನಷ್ಟಿದೆ. ಅದರ ತುಂಬ ಫಿಲ್ಟರುಗಳು, ಧೂಳು ಒಳಗೆ ಹೋಗದಿರಲೆಂದು. ಎಳೆದುಕೊಂಡ ಗಾಳಿಯನ್ನು ಒತ್ತಿ, ಗ್ಯಾಸು ಬೆರೆಸಿ ಉರಿಸಿದರೆ ಆ ಬಿಸಿ ಗಾಳಿಯ ರಭಸಕ್ಕೆ ಅಲಗುಗಳು ತಿರುಗುತ್ತವೆ, ಅದೇ ತಿರುಗುವ ಕಂಬದ ಇನ್ನೊಂದು ತುದಿಯಲ್ಲಿ ಕರೆಂಟು. ಹೊರಗೆ ಬರುವ ಬಿಸಿಯನ್ನೂ ಬಿಡುವುದಿಲ್ಲ, ಅದರಲ್ಲಿ ನೀರು ಕಾಯಿಸಿ ಆವಿಯಿಂದ ಮತ್ತೊಂದು ಯಂತ್ರ ತಿರುಗಿಸುತ್ತಾರೆ. ಗ್ಯಾಸು ಮಾತ್ರ ಮರುಭೂಮಿಯ ನಡುವಿನಿಂದ ನನ್ನಂಥವರು ಕಾಯುವ ಪೈಪಿನಲ್ಲೇ ಬರುತ್ತದೆ.

ಸಾಲಿಂ ಒಂದು ವಿಷಯ ಹೇಳಿದರು. ಸೆಕೆ ಏರಿದಷ್ಟೂ ಗಾಳಿ ತೆಳುವಾಗುತ್ತದೆ, ಯಂತ್ರ ಏದುಸಿರು ಬಿಡುತ್ತದೆ. ಊರಿನ ಎ.ಸಿ.ಗಳೆಲ್ಲ ಓಡುತ್ತಿರುವ ಹೊತ್ತಿಗೇ ಕರೆಂಟು ಕಡಿಮೆ ಹುಟ್ಟುತ್ತದೆ. ನಾನು ನಮ್ಮ ಕಡೆಯದು ಹೇಳಿದೆ. ನಮ್ಮ ಕರೆಂಟು ಬಹಳಷ್ಟು ಮಳೆಯಿಂದ. ಜೋರು ಮಳೆ ಹಿಡಿದರೆ ಅಣೆಕಟ್ಟು ತುಂಬುತ್ತದೆ, ಅದೇ ಮಳೆಗೆ ಮರ ಬಿದ್ದು ತಂತಿ ಹರಿಯುತ್ತದೆ. ರಾಜ್ಯಕ್ಕೆಲ್ಲ ಕರೆಂಟು ಹುಟ್ಟುವ ವಾರದಲ್ಲಿ ನಾವು ಮೇಣದ ಬತ್ತಿ ಹಚ್ಚಿ ಕೂತಿರುತ್ತೇವೆ. ಸಾಲಿಂ ಬಹಳ ಹೊತ್ತು ನಕ್ಕರು.

ಆಮೇಲೆ ಕಹ್ವಾ ಬಂತು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಹಾಕಿದ ಹೊಂಬಣ್ಣದ ಕಾಫಿ, ಹಿಡಿಯಿಲ್ಲದ ಪುಟ್ಟ ಕಪ್ಪಿನಲ್ಲಿ. ನಮ್ಮಲ್ಲಿ ಇದನ್ನು ಕೊಟ್ಟರೆ ನೆಂಟರು ಮತ್ತೆ ಬರುವುದಿಲ್ಲ. ಖಾಲಿ ಮಾಡಿದಂತೆಲ್ಲ ತುಂಬುತ್ತಿದ್ದರು. ಬಿಟ್ಟರೆ ಅಗೌರವವೆಂದು ನಾನೂ ಕುಡಿಯುತ್ತಲೇ ಇದ್ದೆ. ಆರನೆಯದಕ್ಕೆ ಪ್ರಸನ್ನ ತಡೆಯಲಾರದೆ ನನ್ನ ಮಣಿಕಟ್ಟು ಹಿಡಿದು ಕಪ್ಪನ್ನು ಎರಡು ಸಲ ಅಲ್ಲಾಡಿಸಿದ. ಸಾಕು ಎನ್ನುವುದಕ್ಕೆ ಇಲ್ಲಿ ಅದೇ ಗುರುತಂತೆ. ಏಳು ವರ್ಷದಲ್ಲಿ ಅವನ ಕೈ ನನಗೆ ತಾಗಿದ್ದು ಆಗಲೇ.

ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಕೆಂಪು ಬೀಗಗಳ ಹಲಗೆಯಿತ್ತು. ರಿಪೇರಿಗೆ ಇಳಿಯುವ ಪ್ರತಿಯೊಬ್ಬನೂ ಸ್ವಿಚ್ಚಿಗೆ ತನ್ನ ಫೋಟೊ ಅಂಟಿಸಿದ ಬೀಗ ಹಾಕಬೇಕು, ಕೆಲಸ ಮುಗಿಸಿ ತಾನೇ ತೆಗೆಯಬೇಕು. ಒಂದು ಬೀಗ ಉಳಿದರೂ ಯಂತ್ರ ಹೊರಡುವಂತಿಲ್ಲ. ಸಾಲಿಂ ತಮ್ಮ ಗಲ್ಫ್ ಹಿಂದಿಯಲ್ಲಿ ಕಳೆದ ಬೇಸಿಗೆಯ ಕಥೆ ತೆಗೆದರು. ಸೆಕೆಯ ಅತಿ ಕೆಟ್ಟ ವಾರ, ರಿಪೇರಿಯಾದ ಯಂತ್ರ ಶುರುವಾಗಬೇಕು, ಒಂದು ಬೀಗ ಹಾಗೇ ಇದೆ. ಹಾಕಿದ ಫಿಟ್ಟರ್ ಮರೆತು ರೂಮಿಗೆ ಹೋಗಿದ್ದಾನೆ. ಕತ್ತರಿಸಿಬಿಡು ಎಂದು ಸಾಲಿಂ ಅವರೂ ಹೇಳಿದರಂತೆ. ಪ್ರಸನ್ನ ಒಪ್ಪಲಿಲ್ಲ. ಆ ಮನುಷ್ಯ ಒಳಗೆ ಇಲ್ಲ ಎಂದು ಕಣ್ಣಾರೆ ಕಾಣುವವರೆಗೆ ಕತ್ತರಿಸುವುದಿಲ್ಲ ಎಂದ. ಕಾರು ಕಳಿಸಿ ಕರೆಸಿದರು. ಅಷ್ಟಕ್ಕೆ ಬಿಡದೆ ರಿಪೋರ್ಟಿನಲ್ಲಿ ಫಿಟ್ಟರನ ಹೆಸರನ್ನೂ ಬರೆದ. ಅವನೋ ಪ್ರಸನ್ನನಿಗೆ ಇಲ್ಲಿ ಅತಿ ಹತ್ತಿರದ ಸ್ನೇಹಿತ. ಇವತ್ತಿಗೂ ಮಾತು ಬಿಟ್ಟಿದ್ದಾನಂತೆ.

ನಾನು ತಮ್ಮನ ಕಡೆ ನೋಡಿದೆ. ಅವನು ಪರದೆಯ ಮೇಲಿನ ಅಂಕಿಗಳನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

ಹೈಮಾ ದಾರಿ

ಒಮಾನಿನ ಆ ತುದಿಯಲ್ಲಿ ಸಲಾಲಾ ಎಂಬ ಊರಿದೆ. ಜುಲೈ, ಆಗಸ್ಟಿನಲ್ಲಿ ಅಲ್ಲಿ ತುಂತುರು ಹನಿಯುತ್ತದೆ. ಅದನ್ನು ನೋಡಲು ದೇಶಕ್ಕೆ ದೇಶವೇ ಸಾವಿರ ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗುತ್ತದೆ. ನಾನು ಬಾಳೂರಿನ ಮಳೆಯಿಂದ ತಪ್ಪಿಸಿಕೊಂಡು ಬಂದವನು. ಮಳೆ ತೋರಿಸಲು ಕರೆದುಕೊಂಡು ಹೋಗುತ್ತೇವೆ ಎಂದು ಸುಮಾ ಹೇಳಿದಾಗ ನಗು ತಡೆದುಕೊಂಡೆ.

ದಾರಿಯುದ್ದಕ್ಕೂ ಬೋಳು ನೆಲ. ದೂರದಲ್ಲಿ ಎಣ್ಣೆ ಬಾವಿಗಳ ಕಡೆ ಬೆಂಕಿಯ ನಾಲಗೆಗಳು, ಉಪಯೋಗಕ್ಕೆ ಬಾರದ ಗ್ಯಾಸನ್ನು ಹಾಗೆ ಸುಡುತ್ತಾರೆ. ಕೆಲವು ಕಡೆ ಪೈಪುಗಳು ಮರಳಿನ ಮೇಲೇ ಬಿದ್ದುಕೊಂಡಿದ್ದವು. ನಮ್ಮದು ಕಾಫಿ ಗಿಡ, ಸಿಲ್ವರ್ ಮರ, ಪೊದೆ ಎಲ್ಲದರ ಕೆಳಗೆ ಅಡಗಿದೆ, ಎಲ್ಲಿದೆ ಎಂದು ತೋರಿಸುವುದಕ್ಕೇ ನನಗೆ ಸಂಬಳ. ಇಲ್ಲಿ ಒಂಟೆಯೂ ನೋಡಿಕೊಂಡು ದಾಟುತ್ತದೆ. ಲೈನ್ ವಾಕರ್ ಎಲ್ಲಿ ಎಂದು ಕೇಳಿದೆ. ನಡೆಯುವವರಿಲ್ಲ, ಕಾರಿನಲ್ಲಿ ಗಸ್ತು ಹೊಡೆಯುತ್ತಾರೆ ಎಂದು ಪ್ರಸನ್ನ ಸುಮಾಳಿಗೆ ಹೇಳಿದ, ಸುಮಾ ನನಗೆ ಹೇಳಿದಳು.

ನಡುದಾರಿಯ ಹೈಮಾ ಎಂಬ ಊರಿನಲ್ಲಿ ಊಟಕ್ಕೆ ನಿಂತೆವು. ಆ ಬಿಸಿಲಿನಲ್ಲಿ ನಾನು ಏಳು ವರ್ಷದಿಂದ ಯಾರಿಗೂ ಹೇಳದ ಒಂದು ಮಾತನ್ನು ಮನಸ್ಸಿನಲ್ಲಿ ಹೊರಳಾಡಿಸುತ್ತಿದ್ದೆ. ಫೋನ್ ಮಾಡಿದ್ದು ತಪ್ಪಲ್ಲ, ಇವತ್ತಾದರೂ ಮಾಡುತ್ತೇನೆ. ಆದರೆ ಪ್ರಸನ್ನ ಕಲ್ಲು ತಂದು ಹಾಕಿಸಿದ್ದು ಆ ಭಾನುವಾರಕ್ಕಿಂತ ಒಂದು ವಾರ ಮೊದಲು. ಆರು ದಿನ ನಾನು ಆ ಕಲ್ಲುಗಳ ಪಕ್ಕದಲ್ಲೇ ನಡೆದಿದ್ದೆ. ಮನೆಗೆ ಹೋಗಿ, ಇಲ್ಲಿ ಬೇಡ ಮಾರಾಯ, ಆಚೆ ಕಟ್ಟು ಎಂದು ಹೇಳಬಹುದಿತ್ತು. ಕೇಳಬೇಕಾದವನು ಅವನು, ಅವನೇ ಬರಲಿ ಎಂದು ಬಿಗಿದುಕೊಂಡು ಕೂತೆ. ನನ್ನ ತಪ್ಪು ಅದು.

ಸಲಾಲಾ, ಸೋಮವಾರ

ಘಟ್ಟ ಇಳಿಯುತ್ತಿದ್ದಂತೆ ಮಂಜು ಕವಿಯಿತು, ಹುಲ್ಲು ಕಾಣಿಸಿತು, ಗಾಜಿನ ಮೇಲೆ ಹನಿ ಬಿತ್ತು. ನಮ್ಮ ಕಡೆ ಇಷ್ಟಕ್ಕೆ ಯಾರೂ ಕೊಡೆ ಬಿಚ್ಚುವುದಿಲ್ಲ. ಇಲ್ಲಿ ಜನ ಕಾರು ನಿಲ್ಲಿಸಿ, ಮುಖ ಮೇಲೆ ಮಾಡಿ ನಿಂತಿದ್ದರು. ಪಡುವಣಕ್ಕೆ ಹೀಗೇ ಹೋದರೆ ಯೆಮೆನ್. ಬಾಬಾಬುಡನ್‌ಗಿರಿಗೆ ಕಾಫಿ ಬೀಜ ಬಂದದ್ದು ಅಲ್ಲಿಂದ ಎನ್ನುತ್ತಾರೆ. ಬೀಜ ಕೊಟ್ಟವರು ಮಳೆಗೆ ಬಾಯಿ ಬಿಡುತ್ತಾರೆ, ಪಡೆದ ನಾವು ಮಳೆ ಸಾಕಪ್ಪಾ ಎನ್ನುತ್ತೇವೆ.

ಹಸಿರು ತಪ್ಪಲಿನಲ್ಲಿ ಅಲ್ಲಲ್ಲಿ ಡೇರೆಗಳು. ನಾವೂ ಚಾಪೆ ಹಾಸಿ ಕೂತೆವು, ಬೇಡವೆಂದರೂ ಸುಮಾ ನನ್ನ ಕೈಗೊಂದು ಕೊಡೆ ಬಿಚ್ಚಿ ಕೊಟ್ಟಳು. ಎದುರಿಗೆ ಒಂದು ದೊಡ್ಡ ಕುಟುಂಬ, ಉತ್ತರದ ನಿಜ್ವಾ ಕಡೆಯವರಂತೆ. ಮಾಂಸಕ್ಕೆ ಮಸಾಲೆ ಸವರಿ, ಎಲೆಯಲ್ಲಿ ಸುತ್ತಿ, ಗುಂಡಿಯಲ್ಲಿ ಕೆಂಡದ ಮೇಲಿಟ್ಟು ಮಣ್ಣು ಮುಚ್ಚಿ ಬೇಯಿಸುವುದು ಅವರ ರೂಢಿ. ಯಜಮಾನ, ಹಮೂದ್ ಎಂಬ ಬಿಳಿ ಗಡ್ಡದವರು, ನಿಂತು ಹೇಳುತ್ತಿದ್ದರು. ಇಬ್ಬರು ಗಂಡುಮಕ್ಕಳು ಹಾರೆ ಹಿಡಿದು ಗುಂಡಿ ತೋಡುತ್ತಿದ್ದರು.

ಅವರಿಂದ ಮೂರು ಹೆಜ್ಜೆ ಈಚೆಗೆ ಒಂದು ಹಳದಿ ಕಂಬ. ಅದರ ಮೇಲಿನ ಅರಬ್ಬಿ ನನಗೆ ಓದಲು ಬಾರದು. ಆದರೆ ಅದು ಪೈಪಿನ ಗುರುತಿನ ಕಂಬ ಎನ್ನುವುದಕ್ಕೆ ಓದಬೇಕಾಗಿರಲಿಲ್ಲ. ಹುಲ್ಲಿನಲ್ಲಿ ಒಂದೇ ಅಗಲಕ್ಕೆ ನೇರವಾಗಿ ಹೋದ ಪಟ್ಟಿಯೂ ಕಂಡಿತು. ಮಂಜು, ಹುಲ್ಲು, ಕೆಸರು, ಕಂಬ. ನನ್ನ ಕಾಲು ತಾನಾಗಿ ಎದ್ದಿತು. ನಾನು ಬೇರೆ ದೇಶದಲ್ಲಿದ್ದೇನೆ ಎಂಬುದು ಹೊಳೆದದ್ದು ಆ ಮಕ್ಕಳ ಹಾರೆಯನ್ನು ಹಿಡಿದುಕೊಂಡ ಮೇಲೆ.

"ನಿಲ್ಸಿ. ಇಲ್ಲಿ ಅಗೀಬಾರ್ದು," ಎಂದೆ, ಶುದ್ಧ ಕನ್ನಡದಲ್ಲಿ.

ಹುಡುಗರು ದಂಗಾದರು. ಹಮೂದ್ ಅವರ ಹುಬ್ಬು ಗಂಟಾಯಿತು. ಕೊಡೆ ಹಿಡಿದ ಅಪರಿಚಿತನೊಬ್ಬ ಬಂದು ಅವರ ಹಬ್ಬದಡಿಗೆಯನ್ನು ತಡೆಯುತ್ತಿದ್ದಾನೆ. ನಾನು ಕಂಬ ತೋರಿಸಿದೆ, ನೆಲ ತೋರಿಸಿದೆ. ಅರ್ಥವಾಗಲಿಲ್ಲ. ಹಾರೆ ಎಳೆದುಕೊಳ್ಳಲು ನೋಡಿದರು. ನಾನು ತಿರುಗಿ ತಮ್ಮನನ್ನು ನೋಡಿದೆ. ಅವನು ಚಾಪೆಯ ಮೇಲೆ ಕೂತಿದ್ದ. ನನ್ನನ್ನು ಬಿಟ್ಟುಬಿಡುತ್ತಾನೆ ಎಂದುಕೊಂಡೆ. ಬಿಟ್ಟಿದ್ದರೂ ನಾನು ದೂರುವಂತಿರಲಿಲ್ಲ.

ಅವನು ಎದ್ದು ಬಂದ. ಕಂಬದ ಬರಹ ಓದಿದ. ಹಮೂದ್ ಅವರಿಗೆ ಸಲಾಂ ಹೇಳಿ ಅರಬ್ಬಿಯಲ್ಲಿ ನಿಧಾನವಾಗಿ ನಾಲ್ಕು ಮಾತಾಡಿದ. ಹಮೂದ್ ಕಂಬವನ್ನು ನೋಡಿದರು, ಗುಂಡಿಯನ್ನು ನೋಡಿದರು, ಪೆಚ್ಚಾಗಿ ಮಕ್ಕಳ ಕೈಯಿಂದ ಹಾರೆ ಬಿಡಿಸಿದರು. ಆಮೇಲೆ ಪ್ರಸನ್ನ ಇನ್ನೊಂದು ಮಾತು ಸೇರಿಸಿದ. ಅದಕ್ಕೆ ಅವರು ಜೋರಾಗಿ ನಕ್ಕು ನನ್ನ ಭುಜ ತಟ್ಟಿದರು.

"ಎಂತ ಹೇಳ್ದೆ ಮಾರಾಯ?" ಎಂದು ನೇರವಾಗಿ ಅವನನ್ನೇ ಕೇಳಿದೆ.

ಪ್ರಸನ್ನ ಸುಮಾಳ ಕಡೆ ತಿರುಗಲಿಲ್ಲ. "ಇವನು ನಮ್ಮಣ್ಣ, ಪೈಪ್ ಕಾಯೋನು. ಒಡಹುಟ್ಟಿದ ತಮ್ಮನ ಮನೆ ಪಾಯನೇ ನಿಲ್ಸಿದೋನು, ನಿಮ್ಮ ಗುಂಡಿ ಬಿಡ್ತಾನಾ ಅಂದೆ."

ನನಗೆ ನಗು ಬಂತು, ಕಣ್ಣೂ ತುಂಬಿತು. ತುಂತುರು ಇದ್ದದ್ದು ಒಳ್ಳೆಯದಾಯಿತು. ಹಮೂದ್ ಊಟಕ್ಕೆ ನಿಲ್ಲಲೇಬೇಕೆಂದರು. ಸೋಮವಾರ ನಾವು ಮಾಂಸ ಮುಟ್ಟುವುದಿಲ್ಲ ಎಂಬುದನ್ನು ಪ್ರಸನ್ನ ಅವರಿಗೆ ತಿಳಿಸಲು, ಗುಂಡಿಯ ವಿಷಯಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ಖರ್ಜೂರ ತಿಂದು ಕಹ್ವಾ ಕುಡಿದೆವು. ಮೂರನೆಯದಕ್ಕೆ ನಾನೇ ಕಪ್ಪು ಅಲ್ಲಾಡಿಸಿದೆ.

ಆಮೇಲೆ ನಾವಿಬ್ಬರೇ ಕಂಬದ ಹತ್ತಿರ ನಿಂತಿದ್ದಾಗ ನಾನು ಹೈಮಾ ದಾರಿಯಲ್ಲಿ ಹೊರಳಾಡಿಸಿದ ಮಾತನ್ನು ಹೇಳಿಬಿಟ್ಟೆ. "ಕಲ್ಲು ಬಿದ್ದ ದಿನವೇ ನೋಡಿದ್ದೆ ಕಣೋ. ಆರು ದಿನ ಸುಮ್ನಿದ್ದೆ. ಮೊದ್ಲೇ ಬಂದು ಹೇಳ್ಬೇಕಿತ್ತು."

ಅವನು ಬೂಟಿನ ತುದಿಯಿಂದ ಹುಲ್ಲು ಒತ್ತುತ್ತಿದ್ದ. "ನಾನೂ ಭಾನುವಾರ ನೋಡ್ಕೊಂಡೇ ಶುರುಮಾಡಿದ್ದೆ," ಎಂದ. ಆಮೇಲೆ ಕೇಳಿದ, "ಆ ಕಲ್ಲು ಇನ್ನೂ ಇದ್ಯಾ?"

"ಇದೆ. ಪೈಪಿನ ಮೇಲೆ ಪೇರ್ಸೋ ಹಾಗಿಲ್ವಲ್ಲ, ದಿನಾ ಒಂದೊಂದು ಆಚೆ ಹೊರಳಿಸ್ದೆ. ಎಲ್ಲ ಈಗ ಹನ್ನೆರಡು ಹೆಜ್ಜೆ ಆಚೆ ಇದೆ."

ಪ್ರಸನ್ನ ನನ್ನ ಮುಖವನ್ನೇ ನೋಡಿದ. ನಾನು ಬಂದ ಮೇಲೆ ಅವನು ಹಾಗೆ ನೋಡಿದ್ದು ಅದೇ ಮೊದಲು.

"ಹನ್ನೆರಡು ಹೆಜ್ಜೆ ಅಂದ್ರೆ ನಿನ್ನ ಹೆಜ್ಜೆಯೋ ನನ್ನ ಹೆಜ್ಜೆಯೋ?"

"ನಂದು."

"ನಡಿ, ನೋಡಣ."

ನಾನು ಹಳದಿ ಕಂಬಕ್ಕೆ ಬೆನ್ನು ಕೊಟ್ಟು ನಡೆದೆ. ಅವನು ಪಕ್ಕದಲ್ಲಿ ಎಣಿಸುತ್ತಾ ಬಂದ. ಹನ್ನೆರಡಕ್ಕೆ ಕೊಡೆ ಮಡಚಿ ಹಸಿ ನೆಲಕ್ಕೆ ಚುಚ್ಚಿದೆ. ಅವನು ಕೊಡೆಯ ಆಚೆ ಹೋಗಿ ನಿಂತು, ಕೈ ಚಾಚಿ ಅಳತೆ ನೋಡಿದ.

"ಅಲ್ಲಿ ಇಳಿಜಾರು. ಕೆಳಗಿಂದ ಧರೆ ಕಟ್ಟಿ ನೆಲ ಮೇಲೆ ತರ್ಬೇಕಾಗತ್ತೆ," ಎಂದೆ.

"ತಂದ್ರಾಯ್ತು. ಬಾಗ್ಲು ಮಾತ್ರ ನಿನ್ನ ಲೈನಿನ ಕಡೆಗೇ ಇರ್ಲಿ," ಎಂದ ಪ್ರಸನ್ನ. "ದಿನಾ ಹೋಗ್ತಾ ಒಳಗೆ ಬಂದು ಕಾಫಿ ಕುಡ್ಕೊಂಡು ಹೋಗು ಅಣ್ಣ."

ಹಮೂದರ ಮಕ್ಕಳು ನಮ್ಮನ್ನೇ ನೋಡುತ್ತಾ ಗುಂಡಿಗೆ ಮಣ್ಣು ತುಂಬುತ್ತಿದ್ದರು.